ಕಚ್ಚಿಕೊಂಡ ಇಂಜಿನ್ ಬಿಚ್ಚುವ ಬಗೆ

(ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಶಿಬಿರದಲ್ಲಿ, ಸಂಘದ ಟ್ರ್ಯಾಕ್ಟರ್ ಶೆಡ್ಡಿನ ಕೆಲಸಗಾರರ ಪರವಾಗಿ ಮಾಡಿದ ಭಾಷಣ)



ಪಾನಾ ಹಿಡಿಯುವ ಕೈಗೆ ನೀವು ಇವತ್ತು ಮೈಕು ಕೊಟ್ಟಿದ್ದೀರಿ. ಮಾತಿನಲ್ಲಿ ಹೆಚ್ಚುಕಮ್ಮಿ ಆದರೆ ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕಿಕೊಳ್ಳಬೇಕು.

ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಹೊತ್ತಿನಲ್ಲಿ, ಗೋದಾಮಿನ ಹಿಂದಿನ ಶೆಡ್ಡಿನಲ್ಲಿ ನಿಂತಿರುವ ಹಳೆಯ ಎಚ್.ಎಂ.ಟಿ. 2511 ಟ್ರ್ಯಾಕ್ಟರಿನ ವಿಚಾರ ಹೇಳಿ ಅಂತ ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಅದರ ಇಂಜಿನ್ ಕಚ್ಚಿಕೊಂಡು ಕೂತಿದೆ, ತಿರುಗುತ್ತಿಲ್ಲ. ಹೋದ ಮಹಾಸಭೆಯಲ್ಲಿ ಇದರ ಮೇಲೆ ಎರಡು ಮಾತು ಬಂದವು. ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಿಬಿಡೋಣ ಅಂದರು ಕೆಲವರು. ಹೊಸ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದರೆ ತಾನಾಗೇ ಬಿಟ್ಟುಕೊಳ್ಳುತ್ತೆ ಅಂದರು ಇನ್ನು ಕೆಲವರು. ಎರಡನ್ನೂ ಸದ್ಯಕ್ಕೆ ತಡೆಯಿರಿ ಅಂತ ಕೇಳಿಕೊಳ್ಳುವುದಕ್ಕೇ ನಾವು ಇಲ್ಲಿ ನಿಂತಿದ್ದೇವೆ. ಯಾಕೆ ತಡೆಯಬೇಕು, ಆಮೇಲೆ ಏನು ಮಾಡಬೇಕು ಅನ್ನುವುದನ್ನು ವಿವರವಾಗಿ ಹೇಳುತ್ತೇವೆ. ನಿಮ್ಮಲ್ಲಿ ಅನೇಕರ ಮನೆಯಲ್ಲೂ ಹಳೆಯ ಟ್ರ್ಯಾಕ್ಟರು, ಡೀಸೆಲ್ ಪಂಪಿನ ಇಂಜಿನ್ನು ಹೀಗೇ ಮೂಲೆ ಸೇರಿವೆ. ಅವಕ್ಕೂ ಈ ಮಾತು ಉಪಯೋಗಕ್ಕೆ ಬಂದೀತು.

ಈ ಗಾಡಿಯ ಹಿನ್ನೆಲೆ

ಎಚ್.ಎಂ.ಟಿ. ಅಂದಕೂಡಲೇ ನಮ್ಮವರಿಗೆ ಬೆಂಗಳೂರಿನ ಗಡಿಯಾರ ನೆನಪಾಗುತ್ತದೆ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಸಂಸ್ಥೆಯೇ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ತಯಾರಿಕೆ ಶುರುಮಾಡಿತು. ಆಗಿನ ಜೆಕೊಸ್ಲೊವಾಕಿಯದ ಮೋಟೋಕೋವ್ ಸಂಸ್ಥೆಯ ತಾಂತ್ರಿಕ ಸಹಯೋಗ ಅದಕ್ಕಿತ್ತು. ಜೆಟರ್ ಅನ್ನುವ ಅವರ ಟ್ರ್ಯಾಕ್ಟರಿನ ಮಾದರಿಯಲ್ಲೇ ನಮ್ಮ 2511 ಬಂದದ್ದು. ಎರಡು ಸಿಲಿಂಡರ್, 25 ಅಶ್ವಶಕ್ತಿ. ಸಂಘ ಇದನ್ನು ಹಳೆಯದನ್ನೇ ಕೊಂಡಿತ್ತು ಅನ್ನುವುದು ಹಿರಿಯ ಸದಸ್ಯರಿಗೆಲ್ಲ ಗೊತ್ತು.

2016ರಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ.ಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು. ಹಾಗಾಗಿ ಕಾರ್ಖಾನೆಯಿಂದ ಹೊಸ ಭಾಗ ತರಿಸುತ್ತೇವೆ ಅನ್ನುವ ಮಾತಿಲ್ಲ. ಪಿಸ್ಟನ್, ರಿಂಗು, ಲೈನರ್, ಗ್ಯಾಸ್ಕೆಟ್ಟಿನಂಥ ಸವೆಯುವ ಸಾಮಾನನ್ನು ಬೇರೆಯವರು ತಯಾರಿಸಿದ್ದು ಹುಡುಕಿಕೊಳ್ಳಬಹುದು. ಬ್ಲಾಕು, ಹೆಡ್ಡು, ಕ್ರ್ಯಾಂಕಿನಂಥ ದೊಡ್ಡ ಭಾಗ ಒಡೆದರೆ ಇನ್ನೊಂದು ಸತ್ತ ಟ್ರ್ಯಾಕ್ಟರಿನ ಹೊಟ್ಟೆಯಿಂದಲೇ ತರಬೇಕು. ಆದ್ದರಿಂದ ಬಿಚ್ಚುವಾಗ ನಾವು ಒಡೆಯುವ ಒಂದೊಂದು ಭಾಗವೂ ಈ ಗಾಡಿಯ ಆಯುಸ್ಸನ್ನು ಕಡಿಮೆ ಮಾಡುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಯಾಕೆ ಕಚ್ಚಿಕೊಳ್ಳುತ್ತದೆ?

ಓಡುತ್ತಿರುವಾಗ ಎಣ್ಣೆ ಇಲ್ಲದೆಯೋ ನೀರು ಖಾಲಿಯಾಗಿಯೋ ಇಂಜಿನ್ ಕಾದು ಕಚ್ಚಿಕೊಳ್ಳುವುದು ಒಂದು ಬಗೆ. ನಿಂತಲ್ಲೇ ನಿಂತು ತುಕ್ಕು ಹಿಡಿದು ಕಚ್ಚಿಕೊಳ್ಳುವುದು ಇನ್ನೊಂದು ಬಗೆ. ನಮ್ಮದು ಎರಡನೆಯದು. ಗೋದಾಮಿನ ದುರಸ್ತಿ ನಡೆದಾಗ ಎರಡು ಮಳೆಗಾಲ ಅದು ಬೇವಿನ ಮರದ ಕೆಳಗೆ ನಿಂತಿತ್ತು. ಮೇಲ್ಮುಖವಾಗಿರುವ ಸೈಲೆನ್ಸರ್ ಕೊಳವೆಗೆ ಮುಚ್ಚಳ ಇರಲಿಲ್ಲ. ಇಂಜಿನ್ ನಿಂತಾಗ ಯಾವ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದಿರುತ್ತದೋ ಅದರೊಳಕ್ಕೆ ಮಳೆನೀರು ನೆಟ್ಟಗೆ ಇಳಿಯುತ್ತದೆ. ಪಿಸ್ಟನ್ ತಲೆಯ ಮೇಲೆ ನೀರು ನಿಂತು, ರಿಂಗಿಗೂ ಲೈನರಿಗೂ ನಡುವೆ ತುಕ್ಕು ಬೆಳೆಯುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಕೂದಲೆಳೆಯಷ್ಟು ಸಂದಿಯಲ್ಲಿ ಅದು ಹಿಗ್ಗಿದರೆ ಬೆಣೆ ಹೊಡೆದ ಹಾಗೆ ಬಿಗಿಯುತ್ತದೆ. ಬೆಣೆಯನ್ನು ಬಲದಿಂದ ಎಳೆದರೆ ಮರ ಸೀಳುತ್ತದೆಯೇ ಹೊರತು ಬೆಣೆ ಬರುವುದಿಲ್ಲ. ಅದನ್ನು ಸಡಿಲ ಮಾಡಬೇಕು. ಇಡೀ ಕೆಲಸದ ಸಾರ ಇಷ್ಟೇ.

ಎಳೆಯಬೇಡಿ, ಸೆಲ್ಫ್ ಹೊಡೆಯಬೇಡಿ

ಸರಪಳಿ ಕಟ್ಟಿ, ಗೇರಿಗೆ ಹಾಕಿ ಎಳೆಯುವುದು ನಮ್ಮ ಕಡೆ ರೂಢಿ. ಬ್ಯಾಟರಿ ಇಳಿದ ಗಾಡಿಗೆ ಅದು ಸರಿ ಅಂತಲೇ ಇಟ್ಟುಕೊಳ್ಳಿ. ಕಚ್ಚಿಕೊಂಡ ಇಂಜಿನ್ನಿಗೆ ಮಾತ್ರ ಕೂಡದು. ಹಿಂದಿನ ಚಕ್ರದ ಬಲವೆಲ್ಲ ಗೇರುಬಾಕ್ಸಿನ ಮೂಲಕ ಬಂದು ಒಂದೇ ಒಂದು ಕನೆಕ್ಟಿಂಗ್ ರಾಡಿನ ಮೇಲೆ ಬೀಳುತ್ತದೆ. ಆಗ ರಾಡು ಬಗ್ಗಬಹುದು, ಗೇರಿನ ಹಲ್ಲು ಹಾರಬಹುದು, ರಿಂಗು ಮುರಿದು ಲೈನರನ್ನು ಗೀರಬಹುದು. ಸಿಲಿಂಡರಿನಲ್ಲಿ ನೀರಿದ್ದರೆ ಇನ್ನೂ ಕಷ್ಟ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಜಾಗ ಸಿಗದ ನೀರು ರಾಡನ್ನೇ ಬಗ್ಗಿಸುತ್ತದೆ. ಸೆಲ್ಫ್ ಮೋಟಾರ್ ಹೊಡೆದರೂ ಇದೇ ಅಪಾಯ. ಮೋಟಾರು ಸುಡುವುದು ಬೇರೆ.

ಇದಕ್ಕಿಂತ ದೊಡ್ಡ ಮಾತು ಜೀವದ್ದು. ಬಿಗಿದ ಸರಪಳಿ ಕಡಿದರೆ ಅದು ಬೀಸುವ ರಭಸಕ್ಕೆ ಎದುರಿಗಿದ್ದವರು ಉಳಿಯುವುದು ಕಷ್ಟ. ಎಳೆಯುವ ಟ್ರ್ಯಾಕ್ಟರಿಗೆ ಸರಪಳಿಯನ್ನು ಮೇಲುಗಡೆ, ಟಾಪ್‌ಲಿಂಕಿನ ಜಾಗದಲ್ಲಿ ಕಟ್ಟಿದರೆ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಹಳೆಯ ಇಂಜಿನ್ ಉಳಿಸಲು ಹೋಗಿ ಡ್ರೈವರನ್ನು ಕಳೆದುಕೊಳ್ಳುವ ಕೆಲಸ ನಮಗೆ ಬೇಡ.

ಮೊದಲು ಪರೀಕ್ಷೆ

ತಿರುಗುತ್ತಿಲ್ಲ ಅಂದಮಾತ್ರಕ್ಕೆ ಪಿಸ್ಟನ್ನೇ ಕಚ್ಚಿದೆ ಅಂತ ತೀರ್ಮಾನ ಮಾಡಬಾರದು. ಗೇರು, ಪಿ.ಟಿ.ಓ. ಎರಡೂ ನ್ಯೂಟ್ರಲ್‌ನಲ್ಲಿವೆಯೇ ನೋಡಿ. ಸೆಲ್ಫ್ ಮೋಟಾರಿನ ಹಲ್ಲು ಫ್ಲೈವೀಲಿನ ಹಲ್ಲಿನಲ್ಲಿ ಸಿಕ್ಕಿಕೊಂಡಿರುವುದುಂಟು. ಮೋಟಾರು ಬಿಚ್ಚಿದರೆ ಅದೂ ತಿಳಿಯುತ್ತದೆ. ಫ್ಯಾನ್ ಬೆಲ್ಟ್ ತೆಗೆದು ವಾಟರ್ ಪಂಪ್ ತಿರುಗುತ್ತದೆಯೇ ನೋಡಿ. ಡೀಸೆಲ್ ಪಂಪೇ ತುಕ್ಕು ಹಿಡಿದು ಇಂಜಿನ್ನನ್ನು ತಡೆಯುವುದೂ ಉಂಟು. ಬ್ಯಾಟರಿಯ ತಂತಿ ಮಾತ್ರ ಮೊದಲೇ ಬಿಚ್ಚಿಟ್ಟಿರಬೇಕು.

ಆಮೇಲೆ ಇಂಜಿನ್ ಆಯಿಲ್ಲಿನ ಬೋಲ್ಟನ್ನು ಸ್ವಲ್ಪವೇ ಸಡಿಲ ಮಾಡಿ. ನೀರು ಎಣ್ಣೆಗಿಂತ ಭಾರ, ಆದ್ದರಿಂದ ಒಳಗಿದ್ದರೆ ಮೊದಲು ನೀರೇ ಬರುತ್ತದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಕಲಸಿದೆ ಅಂತ ಅರ್ಥ. ರೇಡಿಯೇಟರಿನ ನೀರು ಇಳಿದು ಬಂತೋ, ಮಳೆನೀರೋ ಅಂತ ಮುಂದೆ ಪತ್ತೆ ಮಾಡಬೇಕಾಗುತ್ತದೆ.

ಇಂಜೆಕ್ಟರ್ ತೆಗೆಯುವುದು

ಮೊದಲು ಹೊರಬರಬೇಕಾದದ್ದು ಇಂಜೆಕ್ಟರು, ನಮ್ಮವರು ನಾಜಲ್ ಅನ್ನುವುದು. ಅದು ಬಂದರೆ ಒಳಗಿನ ನೀರಿಗೆ ದಾರಿಯಾಗುತ್ತದೆ, ನಾವು ಎಣ್ಣೆ ಬಿಡಲು ತೂತೂ ಸಿಗುತ್ತದೆ. ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ಉಜ್ಜಿ ಊದಿ ತೆಗೆಯಿರಿ. ಡೀಸೆಲ್ ಕೊಳವೆ ಬಿಚ್ಚಿದ ಕೂಡಲೇ ಎರಡೂ ಬಾಯಿಗೆ ಶುದ್ಧವಾದ ಮುಚ್ಚಳವೋ ಪ್ಲಾಸ್ಟಿಕ್ಕೋ ಕಟ್ಟಿ. ಒಂದು ಕಣ ಮರಳು ಒಳಗೆ ಹೋದರೆ ನಾಜಲ್ ಕೆಟ್ಟಂತೆಯೇ.

ಮಸಿ ಗಟ್ಟಿಯಾಗಿ ಇಂಜೆಕ್ಟರು ಹೆಡ್ಡಿಗೆ ಅಂಟಿರುತ್ತದೆ. ಪಕ್ಕದಿಂದ ಕಬ್ಬಿಣದ ಸಲಾಕೆ ಹಾಕಿ ಮೀಟಿದರೆ ಬಗ್ಗುತ್ತದೆ. ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪಾನಾ ಹಿಡಿಯುವ ಜಾಗ ಇದ್ದರೆ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ತಿರುಗಿಸಿ ಸಡಿಲ ಮಾಡಿ, ನೆಟ್ಟಗೆ ಮೇಲಕ್ಕೆ ಎಳೆಯಿರಿ. ಬಾರದಿದ್ದರೆ ಜಾರು ತೂಕದ ಪುಲ್ಲರ್ ಹಾಕಬೇಕು. ಬುಡದಲ್ಲಿರುವ ತಾಮ್ರದ ವಾಷರ್ ಒಳಗೇ ಉಳಿದಿದೆಯೇ ಅಂತ ಟಾರ್ಚು ಬಿಟ್ಟು ನೋಡುವುದನ್ನು ಮರೆಯಬೇಡಿ.

ನೆನೆಸುವುದು

ಒಳಗಿನ ನೀರನ್ನು ಸಣ್ಣ ಪೈಪಿನಿಂದ ಹೀರಿ ತೆಗೆದ ಮೇಲೆ ಎರಡು ಸಿಲಿಂಡರಿಗೂ ಎಣ್ಣೆ ಬಿಡಬೇಕು. ದಪ್ಪ ಇಂಜಿನ್ ಆಯಿಲ್ ಸಂದಿಗೆ ಇಳಿಯುವುದಿಲ್ಲ, ತೆಳ್ಳಗಿನದೇ ಬೇಕು. ಡೀಸೆಲ್ ಆದೀತು. ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಎಣ್ಣೆಗೆ ಸಮನಾಗಿ ಅಸಿಟೋನ್ ಬೆರೆಸುವುದು ಅನೇಕ ಮೆಕಾನಿಕ್ಕುಗಳ ರೂಢಿ. ಅಸಿಟೋನ್ ಬೇಗ ಹತ್ತಿಕೊಳ್ಳುವ ವಸ್ತು, ಅದರ ಆವಿಯೂ ಉರಿಯುತ್ತದೆ. ಬೀಡಿ, ದೀಪ, ವೆಲ್ಡಿಂಗು ಹತ್ತಿರ ಸುಳಿಯಬಾರದು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಮಾಡಬಾರದು.

ಬಿಟ್ಟ ಎಣ್ಣೆ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಸಂತೋಷಪಡಿ, ಸಂದಿಯಲ್ಲಿ ದಾರಿ ಮಾಡಿಕೊಳ್ಳುತ್ತಿದೆ ಅಂತ ಅರ್ಥ. ಕಡಿಮೆಯಾದಷ್ಟು ಮತ್ತೆ ಸೇರಿಸಿ. ಒಂದು ವಾರ, ಬೇಕಾದರೆ ಎರಡು ವಾರ ಬಿಡಿ. ಸುಮ್ಮನೆ ಕೂತಿದ್ದೀರಲ್ಲ ಅಂತ ನೋಡಿದವರು ಆಡಿಕೊಂಡರೂ ಎಣ್ಣೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ನಂತರ ಕ್ರ್ಯಾಂಕಿನ ಮುಂದಿನ ಬೋಲ್ಟಿಗೋ ಫ್ಲೈವೀಲಿನ ಹಲ್ಲಿಗೋ ಉದ್ದನೆಯ ಹಿಡಿ ಹಾಕಿ, ಒಬ್ಬನೇ ಆಳು ಕೈಯಲ್ಲಿ ಒತ್ತಿ ನೋಡಬೇಕು. ಮುಂದಕ್ಕೆ ಒಂದು ಸಲ, ಹಿಂದಕ್ಕೆ ಒಂದು ಸಲ. ಒಂದು ನೂಲು ಕದಲಿದರೂ ಗೆದ್ದಂತೆ. ಕದಲಿತು ಅಂತ ಅಲ್ಲಿಗೇ ಜೋರು ಮಾಡಬೇಡಿ. ಹಿಂದೆ ಮುಂದೆ ಆಡಿಸುತ್ತಾ, ಎಣ್ಣೆ ಬಿಡುತ್ತಾ ಹೋದರೆ ತುಕ್ಕು ಪುಡಿಯಾಗಿ ದಾರಿ ಬಿಡುತ್ತದೆ. ಪೂರ್ತಿ ಸುತ್ತು ತಿರುಗಿದರೂ ಅದೇ ದಿನ ಸ್ಟಾರ್ಟ್ ಮಾಡುವ ಆಸೆ ಬೇಡ. ಹೆಡ್ಡು ತೆಗೆದು ಒಳಗನ್ನು ಕಣ್ಣಾರೆ ನೋಡಬೇಕು.

ಹೆಡ್ಡು, ಸ್ಟಡ್ಡು

ನೀರು ಖಾಲಿ ಮಾಡಿ, ರಾಕರ್ ಬಿಚ್ಚಿ, ಪುಶ್‌ರಾಡುಗಳನ್ನು ರಟ್ಟಿನಲ್ಲಿ ತೂತು ಮಾಡಿ ಬಂದ ಕ್ರಮದಲ್ಲೇ ಚುಚ್ಚಿಡಿ. ಹೆಡ್ಡಿನ ನಟ್ಟನ್ನು ಒಂದೇ ಸಲಕ್ಕೆ ಪೂರ್ತಿ ಬಿಚ್ಚದೆ, ಹೊರಗಿನ ಅಂಚಿನಿಂದ ನಡುವಿಗೆ ಬರುತ್ತಾ ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಹೀಗೆ ಮಾಡಿದರೆ ಹೆಡ್ಡು ಸೊಟ್ಟಗಾಗುವ ಭಯವಿಲ್ಲ.

ನಟ್ಟು ಬಾರದಿದ್ದರೆ ಪಾನಾಕ್ಕೆ ಪೈಪು ಸಿಗಿಸಿ ನೇತಾಡುವ ಮುಂಚೆ ಶಾಖ ಕೊಟ್ಟು ನೋಡಿ. ಹತ್ತಿರದಲ್ಲಿ ಡೀಸೆಲ್ಲಾಗಲಿ ಬಿಟ್ಟ ಎಣ್ಣೆಯಾಗಲಿ ಇಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ, ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ. ನೂರು ಡಿಗ್ರಿ ಶಾಖ ಏರಿದರೆ ನೂರು ಮಿಲಿಮೀಟರ್ ಉದ್ದದ ಕಬ್ಬಿಣ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಅಷ್ಟಕ್ಕೇ ತುಕ್ಕಿನ ಹಿಡಿತ ಸೀಳುತ್ತದೆ. ಶಾಖ ಹೊರಗಿನ ನಟ್ಟಿಗೆ ಬೀಳಬೇಕು, ಒಳಗಿನ ಸ್ಟಡ್ಡಿಗಲ್ಲ. ನಟ್ಟು ಹಿಗ್ಗಿದಾಗ ಸಂದಿಗೆ ಮೇಣದಬತ್ತಿ ತಾಗಿಸಿದರೆ ಕರಗಿದ ಮೇಣ ಒಳಕ್ಕೆ ಇಳಿಯುತ್ತದೆ.

ಸ್ಟಡ್ಡು ಮುರಿದೇ ಹೋಯಿತು ಅನ್ನಿ. ಮೇಲೆ ಚೂರು ಉಳಿದಿದ್ದರೆ ಅದಕ್ಕೊಂದು ನಟ್ಟು ಕೂರಿಸಿ ಒಳಗಡೆ ವೆಲ್ಡಿಂಗ್ ಮಾಡಿ. ಆ ಶಾಖವೂ ಸಹಾಯಕ್ಕೆ ಬರುತ್ತದೆ. ಸ್ವಲ್ಪ ಆರಿದ ಮೇಲೆ ಪಾನಾ ಹಾಕಿ ನಿಧಾನವಾಗಿ ಆಡಿಸಿ. ಮಟ್ಟಸವಾಗಿ ಮುರಿದಿದ್ದರೆ ಸರಿಯಾಗಿ ನಡುವಿಗೆ ಚುಕ್ಕೆ ಹೊಡೆದು ಡ್ರಿಲ್ ಮಾಡಬೇಕು. ತೂತಿಗೆ ತಿರುಚಿ ಸ್ಟಡ್ಡು ತೆಗೆಯುವ ಗಟ್ಟಿ ಉಕ್ಕಿನ ಉಪಕರಣ ಬರುತ್ತದಲ್ಲ, ಅದನ್ನು ಜೋಪಾನವಾಗಿ ಬಳಸಿ. ಅದು ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ಲು ಅದನ್ನು ಕೊರೆಯಲಾರದು. ಅಂಥ ಕೆಲಸವಿದ್ದರೆ ಪಟ್ಟಣದ ಲೇತ್ ಅಂಗಡಿಗೆ ಒಯ್ಯುವುದೇ ಮೇಲು.

ಎಲ್ಲ ನಟ್ಟು ಬಂದರೂ ಹೆಡ್ಡು ಏಳುವುದಿಲ್ಲ. ಆಗ ಕೈ ಉಳಿಯ ಕಡೆ ಹೋಗುತ್ತದೆ, ತಡೆಯಿರಿ! ಹೆಡ್ಡಿಗೂ ಬ್ಲಾಕಿಗೂ ನಡುವೆ ಉಳಿ ಹೊಡೆದರೆ ಅಲ್ಲಿ ಗೀರು ಬೀಳುತ್ತದೆ, ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ಅಲ್ಲಿಂದ ಸೋರುತ್ತದೆ. ಸ್ಟಡ್ಡಿನ ಸುತ್ತ ಎಣ್ಣೆ ಬಿಟ್ಟು, ಮರದ ಕೊಡತಿಯಲ್ಲಿ ನಾಲ್ಕೂ ಕಡೆ ತಟ್ಟಿ, ಸಮನಾಗಿ ಮೇಲಕ್ಕೆ ಎತ್ತಬೇಕು.

ಪಿಸ್ಟನ್, ಲೈನರ್

ನಮ್ಮ ಗಾಡಿಯ ಲೈನರು ನೀರಿನಲ್ಲಿ ನಿಲ್ಲುವ ಜಾತಿಯದು. ಹೊರಮೈಗೆ ತಂಪಿನ ನೀರು ತಾಗುತ್ತದೆ, ಕೆಳಗೆ ರಬ್ಬರ್ ರಿಂಗು ನೀರನ್ನು ತಡೆಯುತ್ತದೆ. ಇದೊಂದು ಅನುಕೂಲ. ಪಿಸ್ಟನ್ ಲೈನರಿನಲ್ಲಿ ಎಷ್ಟೇ ಬಿಗಿದಿರಲಿ, ಎರಡನ್ನೂ ಒಟ್ಟಿಗೇ ಹೊರಗೆ ತರಬಹುದು.

ಕೆಳಗಿನ ಆಯಿಲ್ ಸಂಪು ಬಿಚ್ಚುವ ಮುಂಚೆ ಗಾಡಿಯ ಮುಂದೆ ಹಿಂದೆ ಬಲವಾದ ಮರದ ದಿಮ್ಮಿಗಳ ಆಧಾರ ಕೊಡಿ, ಚಕ್ರಕ್ಕೆ ಕಲ್ಲಿಡಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಗ್ಗಬಾರದು. ಕನೆಕ್ಟಿಂಗ್ ರಾಡಿನ ಕ್ಯಾಪು ಬಿಚ್ಚಿದಾಗ ಯಾವುದು ಯಾವ ರಾಡಿನದು, ಯಾವ ಮುಖ ಯಾವ ಕಡೆ ಅಂತ ಗುರುತು ಹಾಕಿ. ಅದಲು ಬದಲಾದರೆ ಹೊಸ ಬೇರಿಂಗೂ ಉಳಿಯುವುದಿಲ್ಲ.

ಪಿಸ್ಟನ್ ಬಿಟ್ಟುಕೊಂಡಿದ್ದರೆ ಮೇಲಕ್ಕೆ ತಳ್ಳುವ ಮುಂಚೆ ಲೈನರಿನ ಬಾಯಲ್ಲಿ ಬೆರಳಾಡಿಸಿ. ಸವೆದ ಲೈನರಿನಲ್ಲಿ ಒಂದು ಏಣು ಸಿಗುತ್ತದೆ. ಅದನ್ನು ಉಜ್ಜಿ ಸಮ ಮಾಡದೆ ತಳ್ಳಿದರೆ ರಿಂಗು ತಗುಲಿ ಮುರಿಯುತ್ತದೆ. ಪಿಸ್ಟನ್ ಬಿಡದಿದ್ದರೆ ಲೈನರಿನ ಕೆಳಗಿನ ಅಂಚಿಗೆ ಗಟ್ಟಿ ಮರದ ತುಂಡು ಕೊಟ್ಟು, ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಹೊಡೆಯುತ್ತಾ ಸಮನಾಗಿ ಎಬ್ಬಿಸಿ. ಕಬ್ಬಿಣದಿಂದ ಹೊಡೆದರೆ ಲೈನರು ಸೀಳುತ್ತದೆ. ಕೊಳವೆಬಾವಿಯ ಗಡಸು ನೀರು ಹಾಕಿದ ಇಂಜಿನ್ನಿನಲ್ಲಿ ಲೈನರಿನ ಸುತ್ತ ಸುಣ್ಣ ಗಟ್ಟಿ ಕಟ್ಟಿರುತ್ತದೆ. ಅಲ್ಲಿ ಇನ್ನಷ್ಟು ತಾಳ್ಮೆ ಬೇಕು.

ಹೊರಬಂದ ಮೇಲೆ ಒಂದು ಯುಕ್ತಿ. ಪಿಸ್ಟನ್ ಅಲ್ಯೂಮಿನಿಯಂ, ಲೈನರ್ ಬೀಡು ಕಬ್ಬಿಣ. ಅಷ್ಟೇ ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಎರಡನ್ನೂ ಒಟ್ಟಿಗೆ ಕಾಯಿಸುತ್ತಾ ಕೂತರೆ ಇನ್ನೂ ಬಿಗಿಯಾಗುತ್ತದೆ. ಲೈನರಿನ ಹೊರಮೈಗೆ ಮಾತ್ರ ಕುದಿಯುವ ನೀರು ಸುರಿದರೆ ಲೈನರು ಮೊದಲು ಹಿಗ್ಗುತ್ತದೆ, ಒಳಗಿನ ಪಿಸ್ಟನ್ ಇನ್ನೂ ತಣ್ಣಗಿರುತ್ತದೆ. ಆ ಗಳಿಗೆಯಲ್ಲೇ ಮರದ ತುಂಡು ಇಟ್ಟು ಒತ್ತಬೇಕು. ಮೊದಲ ಸಲಕ್ಕೆ ಬರದಿದ್ದರೆ ಪೂರ್ತಿ ಆರಲು ಬಿಟ್ಟು, ಎಣ್ಣೆ ಬಿಟ್ಟು, ಮತ್ತೆ ಮಾಡಿ.

ಯಾವಾಗ ಕೈಬಿಡಬೇಕು?

ಏನಾದರೂ ಸರಿ ಈ ಗಾಡಿಯನ್ನು ಉಳಿಸಿಯೇ ತೀರಬೇಕು ಅಂತ ನಾವು ಹಠ ಹಿಡಿದಿಲ್ಲ. ಸಂಘದ ದುಡ್ಡು ನಿಮ್ಮೆಲ್ಲರ ಷೇರಿನ ದುಡ್ಡು. ಬಿಚ್ಚಿದ ಮೇಲೆ ಮೂರು ಜಾಗ ನೋಡುತ್ತೇವೆ. ಬ್ಲಾಕು ಬಿರುಕು ಬಿಟ್ಟಿದೆಯೇ? ಕ್ರ್ಯಾಂಕು ಉಜ್ಜಿ ಸರಿಮಾಡಲಾಗದಷ್ಟು ತುಕ್ಕು ತಿಂದಿದೆಯೇ? ಲೈನರು ಕೂರುವ ಬ್ಲಾಕಿನ ಮೆಟ್ಟಿಲು ಕೊರೆದುಹೋಗಿದೆಯೇ? ಇವುಗಳಲ್ಲಿ ಒಂದಾದರೂ ದುರಸ್ತಿಗೆ ಮೀರಿದ್ದರೆ ಗುಜರಿಗೆ ಹಾಕಿ ಅಂತ ನಾವೇ ಬರೆದುಕೊಡುತ್ತೇವೆ. ಆಗಲೂ ಬಿಡಿಸಿಟ್ಟ ಒಳ್ಳೆಯ ಭಾಗಗಳಿಗೆ ಇನ್ನೊಬ್ಬ ರೈತನಿಂದ ತೂಕಕ್ಕಿಂತ ಹೆಚ್ಚಿನ ಬೆಲೆ ಬರುತ್ತದೆ. ಮೂರೂ ಚೆನ್ನಾಗಿದ್ದರೆ ಖರ್ಚಿನ ಪಟ್ಟಿ ಸಭೆಯ ಮುಂದೆ ಇಡುತ್ತೇವೆ, ತೀರ್ಮಾನ ನಿಮ್ಮದು. ಒಳಗೆ ನೋಡದೆ ಮಾರುವುದಂತೂ ಕಣ್ಣು ಕಟ್ಟಿಕೊಂಡು ಮಾಡಿದ ವ್ಯಾಪಾರ.

ಈ ಗಾಡಿ ಯಾರಿಗೆ ಬೇಕು ಅನ್ನುವುದನ್ನೂ ನೆನಪಿಡಿ. ಎರಡು ಎಕರೆ, ಮೂರು ಎಕರೆ ಇರುವವರ ಗದ್ದೆಯ ಬದು ಕಿರಿದು, ತಿರುವು ಚಿಕ್ಕದು. ಹದ ಬಂದ ದಿನ ದೊಡ್ಡ ಟ್ರ್ಯಾಕ್ಟರು ದೊಡ್ಡ ಹೊಲಕ್ಕೇ ಮೊದಲು ಹೋಗುತ್ತದೆ. ಸಾಲಿನ ಕೊನೆಯಲ್ಲಿ ನಿಂತವನ ಹದ ತಪ್ಪಿದರೆ ಅವನ ವರ್ಷವೇ ತಪ್ಪಿದಂತೆ. 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಒಬ್ಬನ ಕೈಲಾಗದ್ದು ಹತ್ತು ಜನ ಸೇರಿದರೆ ಆಗುತ್ತದೆ ಅನ್ನುವ ಅಂಥವರ ನಂಬಿಕೆಯ ಮೇಲೇ ನಮ್ಮ ಸಂಘವೂ ನಿಂತಿದೆ. ಆ ಮಾತು ಈ ಶೆಡ್ಡಿನ ಗಾಡಿಗೂ ಅನ್ವಯಿಸುತ್ತದೆ.

ಕೊನೆಯದಾಗಿ, ಮನೆಯಲ್ಲಿ ಗಾಡಿ ನಿಲ್ಲಿಸಿರುವವರಿಗೆ ನಾಲ್ಕು ಮಾತು. ಸೈಲೆನ್ಸರ್ ಬಾಯಿಗೆ ಒಂದು ಡಬ್ಬ ಕವುಚಿ, ಸ್ಟಾರ್ಟ್ ಮಾಡುವ ಮುಂಚೆ ನೆನಪಿಟ್ಟು ತೆಗೆಯಿರಿ. ತಿಂಗಳಿಗೊಂದು ಸಲವಾದರೂ ಇಂಜಿನ್ ಚಾಲು ಮಾಡಿ ಚೆನ್ನಾಗಿ ಬಿಸಿಯಾಗುವ ತನಕ ಓಡಿಸಿ. ಬಹಳ ದಿನ ನಿಲ್ಲಿಸುವುದಾದರೆ ಹೊಸ ಆಯಿಲ್ ಹಾಕಿ ನಿಲ್ಲಿಸಿ, ಹಳೆಯ ಆಯಿಲ್ಲಿನ ಹುಳಿ ಬೇರಿಂಗನ್ನು ತಿನ್ನುತ್ತದೆ. ರೇಡಿಯೇಟರಿಗೆ ಕೊಳವೆಬಾವಿ ನೀರು ಬಿಟ್ಟು ಕೂಲಂಟ್ ಹಾಕಿ. ಇಷ್ಟು ಮಾಡಿದವರ ಮನೆಗೆ ನಾವು ಪಾನಾ ಹಿಡಿದು ಬರುವ ಪ್ರಮೇಯವೇ ಇರುವುದಿಲ್ಲ.

ಸಭೆಯವರಲ್ಲಿ ನಮ್ಮ ಬೇಡಿಕೆ ಒಂದೇ. ಸರಪಳಿ ಬೇಡ, ಗುಜರಿಯವನಿಗೆ ಈಗಲೇ ಮಾತು ಕೊಡಬೇಡಿ. ಎರಡು ಡಬ್ಬ ಎಣ್ಣೆ, ಒಂದು ತಿಂಗಳ ಕಾಲಾವಕಾಶ ಕೊಡಿ. ಬಿಚ್ಚಿದ ಭಾಗಗಳನ್ನೆಲ್ಲ ಶೆಡ್ಡಿನಲ್ಲಿ ಗೋಣಿಚೀಲದ ಮೇಲೆ ಸಾಲಾಗಿ ಇಟ್ಟಿರುತ್ತೇವೆ. ಸದಸ್ಯರು ಬಂದು ಕಣ್ಣಾರೆ ನೋಡಿ ತೀರ್ಮಾನ ಹೇಳಿ.

ಸಂಘ ನೂರ್ಕಾಲ ಬಾಳಲಿ.